ಡಬ್ಬಿ ಬೇರೆ, ಔಷಧ ಅದೇ: ದ್ರಾಕ್ಷಿ ತೋಟದ ಸಿಂಪಡಣೆ ಸೋಲುವುದೆಲ್ಲಿ?

2025ರ ಜನವರಿ ಕೊನೆಯಲ್ಲಿ ಯುರೋಪ್ ಒಕ್ಕೂಟದ ಐದು ಸಂಸ್ಥೆಗಳು ಸೇರಿ ಒಂದು ವರದಿ ಹೊರತಂದವು. ಆಹಾರ ಸುರಕ್ಷತೆ ನೋಡುವವರು, ರೋಗ ನಿಯಂತ್ರಣ ನೋಡುವವರು, ಔಷಧ ಮತ್ತು ರಾಸಾಯನಿಕಗಳ ಮೇಲೆ ಕಣ್ಣಿಡುವವರು ಎಲ್ಲರೂ ಅದರಲ್ಲಿದ್ದರು. ವರದಿ ಹೇಳಿದ್ದು ಇಷ್ಟು: ಬೆಳೆಗೆ ಹೊಡೆಯುವ 'ಅಜೋಲ್' ಗುಂಪಿನ ಔಷಧಗಳ ಬಳಕೆಯಿಂದ, ಮನುಷ್ಯರ ಶ್ವಾಸಕೋಶಕ್ಕೆ ತಗಲುವ ಒಂದು ಶಿಲೀಂಧ್ರ ಆಸ್ಪತ್ರೆಯ ಔಷಧಕ್ಕೂ ಬಗ್ಗದಂತಾಗುತ್ತಿದೆ.

ತಿಕೋಟಾ, ಬಬಲೇಶ್ವರ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದು ದೂರದ ಸುದ್ದಿ ಅನ್ನಿಸಬಹುದು. ಆದರೆ ಅಜೋಲ್ ಅಂದರೆ ಹೆಕ್ಸಾಕೊನಜೋಲ್, ಟೆಬುಕೊನಜೋಲ್, ಡೈಫೆನೊಕೊನಜೋಲ್. ತೋಟದ ಶೆಡ್ಡಿನಲ್ಲಿ ಸಾಲಾಗಿ ಕೂತಿರುವ ಡಬ್ಬಿಗಳೇ ಇವು. ಹಾಗಾಗಿ ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಈ ಔಷಧ ಬಂದ್ ಆಗುತ್ತದಾ? ನಮ್ಮ ಹಣ್ಣು ತಿಂದವರಿಗೆ ತೊಂದರೆಯಾ? ಜೊತೆಗೆ ಪ್ರತಿ ಹಂಗಾಮಿನಲ್ಲೂ ಏಳುವ ಹಳೆಯ ಪ್ರಶ್ನೆ ಇದ್ದೇ ಇದೆ: ಇಷ್ಟೊಂದು ಎಣ್ಣೆ ಹೊಡೆದರೂ ರೋಗ ಯಾಕೆ ನಿಲ್ಲುತ್ತಿಲ್ಲ?

ಈ ಪ್ರಶ್ನೆಗಳೆಲ್ಲ ಕೊನೆಗೆ ಒಂದೇ ಕಡೆ ಬಂದು ಸೇರುತ್ತವೆ. ಈಗಿನ ಶಿಲೀಂಧ್ರನಾಶಕಗಳಲ್ಲಿ ಬಹಳಷ್ಟು, ರೋಗಾಣುವಿನ ಒಂದೇ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತವೆ. ಅವುಗಳ ಬಲ ಇರುವುದು ಅಲ್ಲೇ. ಅವು ಸೋಲುವುದೂ ಅಲ್ಲೇ.

ಗಿರಣಿಗೆ ಸಿಕ್ಕ ಹರಳು

ಜೀವಕೋಶದೊಳಗೆ ನಡೆಯುವ ಒಂದೊಂದು ಕೆಲಸಕ್ಕೂ ಒಂದೊಂದು ಕಿಣ್ವ ಬೇಕು. ಕಿಣ್ವವನ್ನು ಹಿಟ್ಟಿನ ಗಿರಣಿ ಅಂದುಕೊಳ್ಳಿ. ಮೇಲಿಂದ ಜೋಳ ಸುರಿದರೆ ಕೆಳಗೆ ಹಿಟ್ಟು ಬರುತ್ತದೆ. ಈಗ ಕಾಳಿನಷ್ಟೇ ಗಾತ್ರದ ಒಂದು ಹರಳು ಕಲ್ಲಿನ ನಡುವೆ ಸಿಕ್ಕಿಕೊಂಡಿತು. ಕಲ್ಲು ತಿರುಗುವುದಿಲ್ಲ. ಮೇಲೆ ಜೋಳ ರಾಶಿ ಬೀಳುತ್ತದೆ, ಕೆಳಗೆ ಹಿಟ್ಟಿಲ್ಲ. ಕಿಣ್ವ ತಡೆಯುವ ಔಷಧ ಈ ಹರಳಿನ ಕೆಲಸ ಮಾಡುತ್ತದೆ.

ಅಜೋಲ್‌ಗಳು ಹಿಡಿಯುವ ಗಿರಣಿಯ ಹೆಸರು ಸಿವೈಪಿ-51. ಶಿಲೀಂಧ್ರದ ಕೋಶಕ್ಕೆ ಒಂದು ತೆಳು ಪೊರೆ ಇರುತ್ತದೆ. ಆ ಪೊರೆ ಗಟ್ಟಿಯಾಗಿ ನಿಲ್ಲಲು ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದು ತಯಾರಾಗುವ ದಾರಿಯಲ್ಲಿ ಸಿವೈಪಿ-51 ಕೂತಿದೆ. ಈ ಕಿಣ್ವದ ನಟ್ಟನಡುವೆ ಒಂದು ಕಬ್ಬಿಣದ ಪರಮಾಣು ಇದೆ. ಅಜೋಲ್‌ನ ಸಾರಜನಕ ಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಎರ್ಗೊಸ್ಟೆರಾಲ್ ಇಲ್ಲ. ಅರ್ಧಕ್ಕೆ ನಿಂತ ಕಚ್ಚಾ ಮಾಲು ಪೊರೆಯಲ್ಲಿ ಸೇರಿಕೊಳ್ಳುತ್ತದೆ, ಪೊರೆ ಸಡಿಲವಾಗಿ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ.

ಗುರಿ ಒಂದೇ ಆಗಿರುವುದರಿಂದ ಔಷಧ ಸ್ವಲ್ಪವೇ ಸಾಕು. ಒಂದು ಲೆಕ್ಕ ನೋಡಿ. 5 ಪರ್ಸೆಂಟ್ ಹೆಕ್ಸಾಕೊನಜೋಲ್ ಅನ್ನು ಲೀಟರ್ ನೀರಿಗೆ 1 ಮಿಲಿ ಹಾಕಿದರೆ ಅದರಲ್ಲಿ ಅಸಲಿ ಔಷಧ ಸುಮಾರು 50 ಮಿಲಿಗ್ರಾಂ. ಒಂದೇ ಗುರಿಗೆ ಕಟ್ಟುಬೀಳದ ಹಳೆಯ ಔಷಧ ಮ್ಯಾಂಕೊಜೆಬ್. 75 ಪರ್ಸೆಂಟಿನ ಅದನ್ನು ಲೀಟರಿಗೆ 2 ಗ್ರಾಂ ಹಾಕಿದರೆ 1,500 ಮಿಲಿಗ್ರಾಂ. ಮೂವತ್ತು ಪಟ್ಟು ವ್ಯತ್ಯಾಸ. ಮ್ಯಾಂಕೊಜೆಬ್ ಎಲೆಯ ಮೇಲೆ ಕೂತು ಕಾವಲು ಕಾಯುತ್ತದೆ, ಒಳಗೆ ಇಳಿಯುವುದಿಲ್ಲ. ಅಜೋಲ್ ಎಲೆಯೊಳಗೆ ಇಳಿದು, ಆಗಷ್ಟೇ ಹೊಕ್ಕ ರೋಗವನ್ನೂ ಹಿಡಿಯುತ್ತದೆ. ರೋಗ ಕಂಡ ಮೇಲೆ ಅಂಗಡಿಗೆ ಓಡುವ ರೈತ ಯಾವುದನ್ನು ಕೇಳುತ್ತಾನೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಬೇರೆ ಗುಂಪುಗಳ ಗುರಿ ಬೇರೆ. ಅಜಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್, ಕ್ರೆಸಾಕ್ಸಿಮ್ ಮೀಥೈಲ್ ಇವೆಲ್ಲ ಸ್ಟ್ರೋಬಿಲುರಿನ್‌ಗಳು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಒಂದು ಹಂತವನ್ನು ಇವು ತಡೆಯುತ್ತವೆ. ಬೋಸ್ಕಾಲಿಡ್, ಫ್ಲೂಯೋಪೈರಾಮ್ ಅದೇ ಜಾಗದ ಇನ್ನೊಂದು ಕಿಣ್ವವನ್ನು ಹಿಡಿಯುತ್ತವೆ. ಆ ಕಿಣ್ವದ ಹೆಸರು ಸಕ್ಸಿನೇಟ್ ಡಿಹೈಡ್ರೋಜಿನೇಸ್. ಬೀಜೋಪಚಾರದ ಕಾರ್ಬಾಕ್ಸಿನ್ ಇದೇ ಮನೆತನದ ಹಿರಿಯ.

ಡೌನಿಗೆ ಅಜೋಲ್ ಯಾಕೆ ನಾಟುವುದಿಲ್ಲ

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆಗಿ ಚಿಗುರು ಬಂದಾಗ ಹಿಂಗಾರು ಮಳೆಯೋ ಮಂಜೋ ಹಿಡಿದರೆ ಮೊದಲು ಕಾಣುವುದು ಡೌನಿ. ನಮ್ಮ ಕಡೆಯ ಬಾಯಿಮಾತಿನಲ್ಲಿ ದಾವಣಿ. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂಥ ಹಳದಿ ಮಚ್ಚೆ, ಅದರ ಹಿಂಬದಿಗೆ ಬಿಳಿ ತುಪ್ಪಟ. ಅನುಮಾನ ಇದ್ದರೆ ಮಚ್ಚೆ ಬಿದ್ದ ಎಲೆಗೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿ ಇಟ್ಟರೆ ಸಾಕು. ಬೆಳಗ್ಗೆ ಹಿಂಬದಿಯಲ್ಲಿ ತುಪ್ಪಟ ಎದ್ದಿದ್ದರೆ ಅದು ಡೌನಿಯೇ.

ಬೂದಿ ರೋಗ ಬೇರೆ. ಅದು ಎಲೆ, ಕಾಯಿಗಳ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತದೆ. ಅದಕ್ಕೆ ಎಲೆ ತೊಯ್ದಿರಲೇಬೇಕು ಅಂತಿಲ್ಲ.

ಎರಡಕ್ಕೂ ಸುಮ್ನೆ 'ಫಂಗಸ್' ಅನ್ನುವುದು ರೂಢಿ. ವಿಜ್ಞಾನದ ಪ್ರಕಾರ ಡೌನಿ ತರುವ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಅದು ಊಮೈಸೀಟ್ ಎಂಬ ಬೇರೆ ಕುಲ, ಪಾಚಿಗಳ ದೂರದ ನೆಂಟ. ಅದು ಎರ್ಗೊಸ್ಟೆರಾಲ್‌ನಂಥ ಸ್ಟೆರಾಲನ್ನು ತಾನೇ ತಯಾರಿಸಿಕೊಳ್ಳುವುದಿಲ್ಲ. ಅಂದರೆ ಅಜೋಲ್ ಹಿಡಿಯಬೇಕಾದ ಗಿರಣಿಯೇ ಅಲ್ಲಿಲ್ಲ! ಇಲ್ಲದ ಗಿರಣಿಗೆ ಹರಳು ಹಾಕಿ ಏನು ಬಂತು? ಡೌನಿಗೆ ಹೆಕ್ಸಾಕೊನಜೋಲ್ ಹೊಡೆದರೆ ದುಡ್ಡೂ ಹೋಯಿತು, ದಿನವೂ ಹೋಯಿತು. ತೊಯ್ದ ವಾತಾವರಣದಲ್ಲಿ ಡೌನಿಯ ಒಂದು ಸುತ್ತು ವಾರದೊಳಗೆ ಮುಗಿಯಬಹುದು. ಆ ದಿನಗಳೇ ದುಬಾರಿ.

ಡೌನಿಗೆ ಅದರದ್ದೇ ಗುರಿ ಇದೆ. ಶಿಲೀಂಧ್ರದ ಕೋಶದ ಗೋಡೆ ಕೈಟಿನ್‌ನದು. ಊಮೈಸೀಟ್ ಗೋಡೆಯಲ್ಲಿ ಮುಖ್ಯವಾಗಿ ಇರುವುದು ಸೆಲ್ಯುಲೋಸ್, ಗಿಡಗಳ ಹಾಗೆ. ಆ ಸೆಲ್ಯುಲೋಸ್ ನೇಯುವ ಕಿಣ್ವವನ್ನು ಡೈಮೆಥೊಮಾರ್ಫ್, ಮ್ಯಾಂಡಿಪ್ರೊಪಮಿಡ್, ಇಪ್ರೊವಾಲಿಕಾರ್ಬ್ ತಡೆಯುತ್ತವೆ. ಮೆಟಾಲಾಕ್ಸಿಲ್ ಇನ್ನೊಂದು ಕಿಣ್ವವನ್ನು ಹಿಡಿಯುತ್ತದೆ, ಆರ್‌ಎನ್‌ಎ ತಯಾರಿಸುವುದನ್ನು. ಇವು ಬೂದಿ ರೋಗಕ್ಕೆ ನಾಟುವುದಿಲ್ಲ.

ರೋಗಕ್ಕೆ ಔಷಧ 'ರೂಢಿ' ಆಗುವುದಿಲ್ಲ

'ರೋಗಕ್ಕೆ ಔಷಧ ರೂಢಿಯಾಗಿಬಿಟ್ಟಿದೆ' ಅನ್ನುವ ಮಾತು ತುಂಬಾ ಕೇಳಿಬರುತ್ತದೆ. ನಡೆಯುವುದು ಬೇರೆ. ಒಂದು ತೋಟದಲ್ಲಿ ಕೋಟಿಗಟ್ಟಲೆ ಬೀಜಕಣಗಳಿರುತ್ತವೆ. ಯಾವುದೋ ಒಂದೆರಡರಲ್ಲಿ, ಔಷಧ ಹೊಡೆಯುವ ಮುಂಚೆಯೇ, ಕಿಣ್ವದ ಆಕಾರ ಸ್ವಲ್ಪ ಬದಲಾಗಿರುತ್ತದೆ. ಹರಳು ಅಲ್ಲಿ ಕೂರುವುದಿಲ್ಲ. ಔಷಧ ಹೊಡೆದಾಗ ಉಳಿದವೆಲ್ಲ ಸಾಯುತ್ತವೆ, ಆ ಒಂದೆರಡು ಉಳಿಯುತ್ತವೆ. ಮುಂದಿನ ಸುತ್ತಿನ ಪೀಳಿಗೆಯೆಲ್ಲ ಅವುಗಳದ್ದೇ. ಅದೇ ಔಷಧವನ್ನು ಮತ್ತೆ ಹೊಡೆದರೆ ಅವುಗಳಿಗೆ ಜಾಗ ಖಾಲಿ ಮಾಡಿಕೊಟ್ಟಂತೆ.

ಸ್ಟ್ರೋಬಿಲುರಿನ್‌ಗಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಕೊಳೆಯುವ ಪೈನ್ ಮರದ ಕಾಯಿಗಳ ಮೇಲೆ ಬೆಳೆಯುವ ಒಂದು ಪುಟ್ಟ ಅಣಬೆಯಲ್ಲಿ ಸಿಕ್ಕ ವಸ್ತುವಿನಿಂದ ಈ ಗುಂಪು ಹುಟ್ಟಿತು. 1996ರಲ್ಲಿ ಮಾರುಕಟ್ಟೆಗೆ ಬಂತು. 1998ಕ್ಕೇ ಜರ್ಮನಿಯ ಗೋಧಿಯಲ್ಲಿ ಬೂದಿ ರೋಗ ಅದಕ್ಕೆ ಬಗ್ಗಲಿಲ್ಲ. ಗುರಿಯ ಪ್ರೋಟೀನಿನ 143ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಅಲನಿನ್ ಎಂಬ ಇನ್ನೊಂದು ಬಂದಿತ್ತು. ಅಷ್ಟೇ. ಮಹಾರಾಷ್ಟ್ರದ ದ್ರಾಕ್ಷಿ ತೋಟಗಳ ಡೌನಿಯಲ್ಲೂ ಸ್ಟ್ರೋಬಿಲುರಿನ್‌ಗೆ ಬಗ್ಗದ ತಳಿಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಸಾಂಗ್ಲಿ, ಸೋಲಾಪುರದ ಗಾಳಿಗೂ ವಿಜಯಪುರದ ಗಾಳಿಗೂ ನಡುವೆ ಬೇಲಿ ಇಲ್ಲ. ಮೆಟಾಲಾಕ್ಸಿಲ್ ಕಥೆಯೂ ಹೀಗೆಯೇ: 1977ರಲ್ಲಿ ಬಂತು, 1980ಕ್ಕೆ ಐರ್ಲೆಂಡ್, ನೆದರ್ಲೆಂಡ್ಸ್‌ನ ಆಲೂಗಡ್ಡೆಯಲ್ಲಿ ಸೋತಿತು.

ಈ ಥರದ ಬದಲಾವಣೆ ಬಂದ ಮೇಲೆ ಡೋಸ್ ಹೆಚ್ಚಿಸಿ ಉಪಯೋಗವಿಲ್ಲ. ಅಜೋಲ್ ಸೋಲುವ ರೀತಿ ಬೇರೆ. ಅದು ನಿಧಾನವಾಗಿ, ಮೆಟ್ಟಿಲು ಇಳಿದ ಹಾಗೆ ಸೋಲುತ್ತದೆ. ಈ ವರ್ಷ ಸ್ವಲ್ಪ ಕಡಿಮೆ, ಮುಂದಿನ ವರ್ಷ ಇನ್ನೂ ಕಡಿಮೆ. ಡೋಸ್ ಏರಿಸಿದರೆ ಕೆಲ ಕಾಲ ಕೆಲಸ ಮಾಡಿದಂತೆ ಕಾಣುತ್ತದೆ. ಹಾಗಾಗಿಯೇ ತಪ್ಪು ಗೊತ್ತಾಗುವುದು ತಡ.

ಮ್ಯಾಂಕೊಜೆಬ್, ಗಂಧಕ, ಬೋರ್ಡೋ ದ್ರಾವಣ ಇವು ಒಂದೇ ಕಿಣ್ವಕ್ಕೆ ಕಟ್ಟುಬಿದ್ದಿಲ್ಲ. ಒಟ್ಟೊಟ್ಟಿಗೆ ಹಲವು ಕಡೆ ಹೊಡೆಯುತ್ತವೆ. ಅಷ್ಟೂ ಕಡೆ ಒಂದೇ ಸಲ ಬದಲಾಗುವುದು ರೋಗಾಣುವಿಗೆ ಬಹಳ ಕಷ್ಟ. ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಇದೇ ಡೌನಿಗಾಗಿ 1885ರಲ್ಲಿ ಬಂದದ್ದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇವತ್ತಿಗೂ ಕೆಲಸ ಮಾಡುತ್ತದೆ.

ಅಂಗಡಿಯ ಕಟ್ಟೆಯ ಮೇಲೆ

ಇಲ್ಲೇ ನಿಜವಾದ ಸಮಸ್ಯೆ. ರೈತರು ಔಷಧ ಬದಲಿಸುವುದಿಲ್ಲ ಅನ್ನುವುದು ತಪ್ಪು. ಬದಲಿಸುತ್ತಾರೆ, ಆದರೆ ಬದಲಾಗುವುದು ಡಬ್ಬಿ ಮಾತ್ರ. ಮೊದಲ ಸಲ ಹೆಕ್ಸಾಕೊನಜೋಲ್, ಹತ್ತು ದಿನಕ್ಕೆ ಟೆಬುಕೊನಜೋಲ್, ಆಮೇಲೆ ಡೈಫೆನೊಕೊನಜೋಲ್. ಮೂರು ಕಂಪನಿ, ಮೂರು ಬಣ್ಣ, ಮೂರು ರೇಟು. ರೋಗಾಣುವಿನ ಕಡೆಯಿಂದ ನೋಡಿದರೆ ಮೂರು ಸಲವೂ ಸಿವೈಪಿ-51ಕ್ಕೇ ಏಟು.

ಇದನ್ನು ತಪ್ಪಿಸಲು ಫ್ರಾಕ್ ಎಂಬ ಅಂತರರಾಷ್ಟ್ರೀಯ ಸಮಿತಿ 1981ರಿಂದ ಕೆಲಸ ಮಾಡುತ್ತಿದೆ. ಕೀಟನಾಶಕ ಕಂಪನಿಗಳೇ ಸೇರಿ ಮಾಡಿಕೊಂಡ ಸಮಿತಿ ಅದು. ಪ್ರತಿ ಗುಂಪಿಗೂ ಅದು ಒಂದು ಸಂಖ್ಯೆ ಕೊಟ್ಟಿದೆ. ಅಜೋಲ್‌ಗಳಿಗೆ 3. ಬೋಸ್ಕಾಲಿಡ್ ಮನೆತನಕ್ಕೆ 7. ಸ್ಟ್ರೋಬಿಲುರಿನ್‌ಗೆ 11. ಡೈಮೆಥೊಮಾರ್ಫ್ ಗುಂಪಿಗೆ 40. ಮೆಟಾಲಾಕ್ಸಿಲ್‌ಗೆ 4. ಹಲವು ಕಡೆ ಹೊಡೆಯುವವಕ್ಕೆ 'ಎಂ' ಅಕ್ಷರ. ಆಸ್ಟ್ರೇಲಿಯಾದಲ್ಲಿ ಈ ಗುಂಪಿನ ಗುರುತು ಲೇಬಲ್ ಮೇಲೆ ಎದ್ದು ಕಾಣುವಂತೆ ಇರುತ್ತದೆ. ನಮ್ಮ ಡಬ್ಬಿಗಳ ಮೇಲೆ ಎದ್ದು ಕಾಣುವುದು ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ. ಅದು ವಿಷ ಎಷ್ಟು ಅಂತ ಹೇಳುತ್ತದೆ. ಯಾವ ಗುಂಪು ಅಂತ ಹೇಳುವುದಿಲ್ಲ.

ಎರಡು ಔಷಧ ಬೆರೆತ ರೆಡಿಮೇಡ್ ಡಬ್ಬಿಗಳೂ ಈಗ ಜಾಸ್ತಿ. ಲೆಕ್ಕಕ್ಕೆ ಇದು ಒಳ್ಳೆಯದೇ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ. ಆದರೆ ಜೋಡಿಯಲ್ಲಿ ಒಂದು ನಮ್ಮ ತೋಟದಲ್ಲಿ ಆಗಲೇ ಸೋತಿದ್ದರೆ? ಆಗ ಎರಡರ ದುಡ್ಡು ಕೊಟ್ಟು ಒಂದನ್ನೇ ಹೊಡೆದಂತೆ. ಆ ಒಂಟಿ ಔಷಧವೂ ಬೇಗ ಸೋಲುತ್ತದೆ.

ತೋಟದಿಂದ ಆಸ್ಪತ್ರೆಗೆ

ಈಗ ಯುರೋಪಿನ ವರದಿಗೆ ಮರಳೋಣ. ಸಿವೈಪಿ-51 ದ್ರಾಕ್ಷಿಯ ಬೂದಿ ರೋಗದಲ್ಲಿ ಮಾತ್ರ ಇರುವ ಕಿಣ್ವವಲ್ಲ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಸಾಮಾನ್ಯ ಮಣ್ಣಿನ ಶಿಲೀಂಧ್ರದಲ್ಲೂ ಇದೆ. ಅದರ ಬೀಜಕಣಗಳನ್ನು ನಾವೆಲ್ಲ ದಿನಾ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ರೋಗನಿರೋಧಕ ಶಕ್ತಿ ಕುಂದಿದವರಿಗೆ, ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಅದು ಜೀವಕ್ಕೇ ಕುತ್ತು. ಡಾಕ್ಟರು ಕೊಡುವ ಮುಖ್ಯ ಔಷಧ ವೊರಿಕೊನಜೋಲ್, ಇಟ್ರಾಕೊನಜೋಲ್. ಹೆಸರಿನ ಕೊನೆ ನೋಡಿ. ಇವೂ ಅಜೋಲ್‌ಗಳೇ, ಹಿಡಿಯುವುದು ಅದೇ ಗಿರಣಿಯನ್ನೇ.

ನಾವು ಬೂದಿ ರೋಗಕ್ಕೆ ಹೊಡೆದದ್ದರಲ್ಲಿ ಒಂದು ಪಾಲು ಮಣ್ಣಿಗೂ ಕಸಕ್ಕೂ ಸೇರುತ್ತದೆ. ಅಲ್ಲಿರುವ ಆಸ್ಪರ್ಜಿಲಸ್‌ಗೂ ಅದು ತಗಲುತ್ತದೆ. ಬಗ್ಗದವು ಉಳಿಯುತ್ತವೆ. ಯುರೋಪಿನ ವರದಿ ವಿಶೇಷವಾಗಿ ಬೆರಳು ತೋರಿದ್ದು ಔಷಧ ಬಿದ್ದ ಸಸ್ಯ ತ್ಯಾಜ್ಯದ ರಾಶಿಗಳ ಕಡೆಗೆ. ಗುಡ್ಡೆ ಹಾಕಿದ ಕಸ ಕೊಳೆಯುವಾಗ ಬಿಸಿಯಾಗುತ್ತದೆ, ಆ ಬಿಸಿಯನ್ನು ಈ ಶಿಲೀಂಧ್ರ ಸಲೀಸಾಗಿ ತಡೆದುಕೊಳ್ಳುತ್ತದೆ. ಚಾಟ್ನಿ ಮಾಡಿದ ಕಡ್ಡಿ, ಎಲೆ, ಉದುರಿದ ಗೊಂಚಲುಗಳನ್ನು ತೋಟದ ಮೂಲೆಯಲ್ಲಿ ತಿಂಗಳುಗಟ್ಟಲೆ ಗುಡ್ಡೆ ಹಾಕುವ ಕಡೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

2010ರಿಂದ 2021ರವರೆಗೆ ಯುರೋಪಿನಲ್ಲಿ ಮನುಷ್ಯರ ಔಷಧ ಬಿಟ್ಟು ಬೇರೆ ಕೆಲಸಕ್ಕೆ ಮಾರಾಟವಾದ ಅಜೋಲ್ ಸುಮಾರು 1,20,000 ಟನ್. ಅದರಲ್ಲಿ 99 ಪರ್ಸೆಂಟ್ ಕೃಷಿಗೆ. ನಮ್ಮಲ್ಲೂ ಇದು ಹೊಸದಲ್ಲ. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ತಂಡ 2012ರಲ್ಲೇ ಭಾರತದ ಮಣ್ಣಿನಲ್ಲಿ ಅಜೋಲ್‌ಗೆ ಬಗ್ಗದ ಆಸ್ಪರ್ಜಿಲಸ್ ಕಂಡುಹಿಡಿದು ಪ್ರಕಟಿಸಿತ್ತು. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಇದನ್ನು ಮೇಲಿನ ಗುಂಪಿನಲ್ಲಿಟ್ಟಿತು.

ಎರಡು ತಪ್ಪು ತಿಳಿವಳಿಕೆ ಇಲ್ಲಿ ಬಿಡಿಸಬೇಕು. ಇದು ಕೋವಿಡ್ ಕಾಲದ 'ಬ್ಲ್ಯಾಕ್ ಫಂಗಸ್' ಅಲ್ಲ, ಅದು ಬೇರೆಯೇ ಶಿಲೀಂಧ್ರ. ಇನ್ನು, ದ್ರಾಕ್ಷಿ ತಿನ್ನುವುದರಿಂದ ಈ ರೋಗ ಬರುತ್ತದೆ ಅಂತ ಯಾರೂ ಹೇಳಿಲ್ಲ. ಅದು ಬರುವುದು ಉಸಿರಿನ ದಾರಿಯಲ್ಲಿ. ಹಣ್ಣಿನಲ್ಲಿ ಉಳಿಯುವ ಔಷಧದ ಅಂಶ ಬೇರೆ ವಿಷಯ, ಅದಕ್ಕೆ ಬೇರೆ ಮಿತಿಗಳಿವೆ.

ಯಾರ ವಾದ ಏನು

ವೈದ್ಯರ ಕಡೆಯ ಮಾತು ಸರಳ: ನಮ್ಮ ಕೈಯಲ್ಲಿರುವ ಔಷಧ ನಾಲ್ಕೇ ನಾಲ್ಕು ಬಗೆ, ಅದನ್ನು ಹೊಲದಲ್ಲಿ ಖರ್ಚು ಮಾಡಬೇಡಿ. ಇದಕ್ಕೆ ಹೊಸ ಉದಾಹರಣೆಯೂ ಸಿಕ್ಕಿದೆ. ಅಜೋಲ್‌ಗೆ ಬಗ್ಗದ ಸೋಂಕು ತಗಲಿದ ರೋಗಿಗಳಿಗಾಗಿ ಒಲೊರೊಫಿಮ್ ಎಂಬ ಹೊಸ ಔಷಧವನ್ನು ಪ್ರಯೋಗಿಸುತ್ತಿದ್ದಾಗಲೇ, ಅದೇ ಕಿಣ್ವವನ್ನು ಹಿಡಿಯುವ ಇಪ್‌ಫ್ಲುಫೆನೊಕ್ವಿನ್ ಎಂಬ ಕೃಷಿ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಸ್ಪತ್ರೆಗೆ ಬರುವ ಮೊದಲೇ ಹೊಲದಲ್ಲಿ ಸೋಲಿನ ಬೀಜ ಬಿತ್ತಿದ ಹಾಗೆ ಅನ್ನುವ ಅವರ ಆತಂಕದಲ್ಲಿ ನ್ಯಾಯವಿದೆ.

ಕಂಪನಿಗಳ ವಾದ: ಬಗ್ಗದ ತಳಿಗಳು ಔಷಧ ತೆಗೆದುಕೊಳ್ಳುತ್ತಿರುವ ರೋಗಿಯ ದೇಹದಲ್ಲೂ ಹುಟ್ಟುತ್ತವೆ, ಎಲ್ಲವನ್ನೂ ರೈತನ ತಲೆಗೆ ಕಟ್ಟಬೇಡಿ. ಇದರಲ್ಲೂ ಸತ್ಯವಿದೆ. ಆದರೆ ಒಮ್ಮೆಯೂ ಅಜೋಲ್ ತೆಗೆದುಕೊಳ್ಳದ ರೋಗಿಗಳಲ್ಲೂ ಇಂಥ ತಳಿ ಸಿಕ್ಕಿದೆ. ಅದಕ್ಕೆ ಆ ವಾದದಲ್ಲಿ ಉತ್ತರವಿಲ್ಲ.

ಸಕ್ಸಿನೇಟ್ ಡಿಹೈಡ್ರೋಜಿನೇಸ್ ಗುಂಪಿನ ಮೇಲೆ ಇನ್ನೊಂದು ಜಗಳ ಇದೆ. ಆ ಕಿಣ್ವ ಮನುಷ್ಯರಲ್ಲೂ ಇದೆ. 2018ರಲ್ಲಿ ಫ್ರಾನ್ಸಿನ ಕೆಲವು ವಿಜ್ಞಾನಿಗಳು ಬಳಕೆ ನಿಲ್ಲಿಸಿ ಎಂದು ಬಹಿರಂಗವಾಗಿ ಕೇಳಿದರು. ಅಲ್ಲಿನ ಸುರಕ್ಷತಾ ಸಂಸ್ಥೆ 2019ರಲ್ಲಿ ವಾಪಸ್ ಪಡೆಯುವಷ್ಟು ಆಧಾರ ಇಲ್ಲ ಎಂದಿತು. ವಾದ ಮುಗಿದಿಲ್ಲ.

ಇನ್ನು ರೈತರದ್ದು. ಎಕರೆಗೆ ಲಕ್ಷಗಟ್ಟಲೆ ಸುರಿದ ತೋಟದಲ್ಲಿ ಒಂದು ಮಂಜಿನ ವಾರ ಇಡೀ ವರ್ಷ ತಿಂದುಹಾಕಬಹುದು. ಅಂಥವರಿಗೆ 'ಕಡಿಮೆ ಹೊಡೆಯಿರಿ' ಅನ್ನುವುದು ಸುಲಭ. ಯಾವುದರ ಬದಲು ಯಾವುದು ಅಂತ ಹೇಳದೆ ಆ ಮಾತು ಆಡಬಾರದು.

ಬಾಗಲಕೋಟೆಯ ದಾಳಿಂಬೆ, ಬೆಳಗಾವಿಯ ಸೋಯಾ

ದಾಳಿಂಬೆಯ ದುಂಡಾಣು ಅಂಗಮಾರಿ ತರುವುದು ಬ್ಯಾಕ್ಟೀರಿಯಾ. ರೈತರು ಅದಕ್ಕೆ ತೇಲ್ಯಾ ಅನ್ನುತ್ತಾರೆ. ಅಜೋಲ್, ಸ್ಟ್ರೋಬಿಲುರಿನ್ ಯಾವುದಕ್ಕೂ ಅಲ್ಲಿ ಕೆಲಸವಿಲ್ಲ. ಕಾಯಿ ಮೇಲೆ ಕಪ್ಪು ಮಚ್ಚೆ ಕಂಡ ಕೂಡಲೇ ಶಿಲೀಂಧ್ರನಾಶಕ ಹೊಡೆದರೆ ರೋಗವೂ ನಿಲ್ಲದು, ಮಣ್ಣಿಗೆ ಬೇಡದ ಔಷಧವೂ ಸೇರುತ್ತದೆ.

ಬೆಳಗಾವಿಯ ಸೋಯಾ ತುಕ್ಕಿನ ವಿಷಯ ಇನ್ನೂ ಗಂಭೀರ. ಅದಕ್ಕೆ ನಮ್ಮಲ್ಲಿ ಹೊಡೆಯುವುದು ಮುಖ್ಯವಾಗಿ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್. ಎರಡೂ 3ನೇ ಗುಂಪು. ಇದೇ ತುಕ್ಕು ಬ್ರೆಜಿಲ್‌ನಲ್ಲಿ ಮೊದಲು ಅಜೋಲ್‌ಗೆ, ಆಮೇಲೆ ಸ್ಟ್ರೋಬಿಲುರಿನ್‌ಗೆ, ಕೊನೆಗೆ 7ನೇ ಗುಂಪಿಗೂ ಬಗ್ಗುವುದು ಕಡಿಮೆಯಾಯಿತು. ಅವರು ಎರಡು ಕೆಲಸ ಮಾಡಿದರು. ಹಳೆಯ ಮ್ಯಾಂಕೊಜೆಬ್ಬನ್ನು ಜೊತೆಗೆ ಸೇರಿಸಿದರು. ವರ್ಷದಲ್ಲಿ ಕೆಲ ಕಾಲ ಹೊಲದಲ್ಲಿ ಸೋಯಾ ಗಿಡವೇ ಇರಬಾರದು ಅಂತ ಕಾನೂನು ತಂದರು. ತುಕ್ಕು ಬದುಕುವುದು ಹಸಿರು ಗಿಡದ ಮೇಲೆ ಮಾತ್ರ. ಬೇಸಿಗೆಯಲ್ಲೂ ನೀರಾವರಿ ಸೋಯಾ ನಿಂತರೆ ಮುಂಗಾರಿನ ಬೆಳೆಗೆ ರೋಗ ದಾಟಲು ಅದೇ ಸೇತುವೆ. ನಮಗೆ ಮೂರನೇ ದಾರಿಯೂ ಇದೆ: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ-21 ತಳಿ ತುಕ್ಕನ್ನು ತಾನೇ ತಡೆದುಕೊಳ್ಳುತ್ತದೆ. ಬೀಜದಲ್ಲೇ ಸಿಕ್ಕ ರಕ್ಷಣೆಗೆ ಎಕರೆಗಿಷ್ಟು ಅಂತ ಔಷಧದ ಖರ್ಚಿಲ್ಲ.

ಮುಂದೆ ಏನಾಗಬಹುದು

ಅಜೋಲ್‌ಗಳನ್ನು ಒಮ್ಮೆಲೇ ನಿಲ್ಲಿಸಿದರೆ ಭಾರವೆಲ್ಲ 7 ಮತ್ತು 11ನೇ ಗುಂಪಿನ ಮೇಲೆ ಬೀಳುತ್ತದೆ. ಅವು ಅಜೋಲ್‌ಗಿಂತ ಬೇಗ ಸೋಲಬಲ್ಲವು. ಅದಕ್ಕೇ ನಿಷೇಧ ಒಂದೇ ಉತ್ತರ ಅನ್ನಿಸುವುದಿಲ್ಲ. ಅಷ್ಟೇ ಚಿಂತೆಯ ವಿಷಯ ಇನ್ನೊಂದಿದೆ. ಈ ಒಂಟಿ ಗುರಿಯ ಔಷಧಗಳಿಗೆ ಬೆನ್ನಾಗಿ ನಿಂತಿರುವ ಮ್ಯಾಂಕೊಜೆಬ್ ಆರೋಗ್ಯದ ಕಾರಣಕ್ಕೆ ಪ್ರಶ್ನೆಗೊಳಗಾಗಿದೆ. ಯುರೋಪ್ 2020ರ ಡಿಸೆಂಬರ್‌ನಲ್ಲಿ ಅದರ ಪರವಾನಗಿ ನವೀಕರಿಸಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ ನಿಷೇಧಿಸಲು ಯೋಚಿಸಿದ 27 ಔಷಧಗಳ ಕರಡಿನಲ್ಲೂ ಅದಿತ್ತು. ಅದು ಹೋದರೆ ಉಳಿಯುವುದು ಮುಖ್ಯವಾಗಿ ತಾಮ್ರ, ಗಂಧಕ.

ಒಣದ್ರಾಕ್ಷಿಗೆ ಇನ್ನೊಂದು ಲೆಕ್ಕ ಇದೆ. ಸುಮಾರು 4 ಕಿಲೋ ಹಸಿ ಹಣ್ಣು ಒಣಗಿ 1 ಕಿಲೋ ಆಗುತ್ತದೆ. ನೀರು ಹೋಗುತ್ತದೆ, ಔಷಧದ ಅಂಶ ಪೂರ್ತಿ ಹೋಗುವುದಿಲ್ಲ. ಸೋಲುತ್ತಿರುವ ಔಷಧದ ಡೋಸ್ ಏರಿಸುತ್ತಾ ಹೋದರೆ ಅದರ ಪೆಟ್ಟು ಕೊನೆಗೆ ಬೀಳುವುದು ರಫ್ತಿನ ಪರೀಕ್ಷೆಯಲ್ಲಿ.

ಡಬ್ಬಿಯ ಮೇಲೆ ಗುಂಪಿನ ಸಂಖ್ಯೆಯನ್ನು ದೊಡ್ಡದಾಗಿ ಅಚ್ಚು ಹಾಕಿಸುವುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಒಂದು ಆದೇಶ ಸಾಕು. ಸಂಖ್ಯೆ ಓದಲು ಕನ್ನಡವೂ ಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ. ಇನ್ನೊಂದು ಕೆಲಸ ಹಿಟ್ನಳ್ಳಿಯ ಕೃಷಿ ಕಾಲೇಜು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಂಥ ಕಡೆ ಆಗಬೇಕು. ತೋಟಗಳಿಂದ ಡೌನಿ ಎಲೆ ತಂದು, ಅದರ ಬೀಜಕಣಗಳನ್ನು ಔಷಧ ಸವರಿದ ಎಲೆಯ ತುಂಡುಗಳ ಮೇಲೆ ಬಿಟ್ಟು ನೋಡಿದರೆ ವಾರ, ಹತ್ತು ದಿನದಲ್ಲಿ ಗೊತ್ತಾಗುತ್ತದೆ: ತಿಕೋಟಾದಲ್ಲಿ 11 ಇನ್ನೂ ನಾಟುತ್ತದಾ, ಇಂಡಿಯಲ್ಲಿ 40 ಹೇಗಿದೆ. ಆ ಪಟ್ಟಿ ಅಕ್ಟೋಬರ್ ಚಾಟ್ನಿಗೆ ಮುಂಚೆ ರೈತರ ಕೈಗೆ ಸಿಗಬೇಕು. ನವೆಂಬರ್‌ನಲ್ಲಿ ಮೋಡ ಕವಿದಾಗ ಅಂಗಡಿಯ ಕಟ್ಟೆಯ ಮುಂದೆ ನಿಂತು ಆರಿಸಲು ಅವರಿಗೆ ಅರ್ಧ ದಿನವೂ ಇರುವುದಿಲ್ಲ.